ದೋಣಿಯ ಚುಕ್ಕಾಣಿಗೆ ತುಕ್ಕು ಹಿಡಿಯದ ಬೋಲ್ಟುಗಳು



ಚುಕ್ಕಾಣಿಯನ್ನು ಕಳೆದುಕೊಂಡ ದೋಣಿಯು ಗಾಳಿಗೂ ಸೆಳೆತಕ್ಕೂ ವಶವಾಗುತ್ತದೆ. ಎಂಜಿನ್ ಎಷ್ಟೇ ಬಲವಾಗಿರಲಿ, ತಾಂಡೇಲನು ಎಷ್ಟೇ ಅನುಭವಿಯಾಗಿರಲಿ, ಚುಕ್ಕಾಣಿಯನ್ನು ದೋಣಿಯ ಹಿಂಬದಿಗೆ ಬಂಧಿಸಿರುವ ನಾಲ್ಕಾರು ಬೋಲ್ಟುಗಳು ಮುರಿದರೆ ಅಳಿವೆಯ ಬಾಯಲ್ಲಿಯೇ ಪ್ರಾಣಾಪಾಯ ಒದಗಬಹುದು. ಆದುದರಿಂದ ಈ ಸಣ್ಣ ವಸ್ತುಗಳ ಆಯ್ಕೆಯು ಸಣ್ಣ ವಿಷಯವಲ್ಲ.

ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ಇಂತಹ ನೀರು ವಿದ್ಯುತ್ತನ್ನು ಸುಲಭವಾಗಿ ಹರಿಯಗೊಡುತ್ತದೆ. ಎರಡು ಭಿನ್ನ ಲೋಹಗಳು ಒಂದನ್ನೊಂದು ತಾಗಿ ಅದರಲ್ಲಿ ಮುಳುಗಿದಾಗ ಅವು ಬ್ಯಾಟರಿಯಂತೆ ವರ್ತಿಸಿ, ಅವುಗಳಲ್ಲಿ ಒಂದು ಬೇಗನೆ ಸವೆಯುತ್ತದೆ. 1761ರಲ್ಲಿ ಬ್ರಿಟಿಷ್ ನೌಕಾಪಡೆಯು 'ಅಲಾರ್ಮ್' ಎಂಬ ಹಡಗಿನ ತಳಕ್ಕೆ ತಾಮ್ರದ ತಗಡನ್ನು ಹೊದಿಸಿತು. ಕೆಲವೇ ವರ್ಷಗಳಲ್ಲಿ ತಗಡನ್ನು ಹಿಡಿದಿದ್ದ ಕಬ್ಬಿಣದ ಮೊಳೆಗಳು ಕರಗಿಹೋಗಿದ್ದವು. ಆದರೆ ತಾಮ್ರಕ್ಕೂ ಮೊಳೆಗೂ ನಡುವೆ ಕಂದು ಕಾಗದ ಉಳಿದಿದ್ದ ಕಡೆ ಮೊಳೆಗಳು ಸುಸ್ಥಿತಿಯಲ್ಲಿದ್ದವು. ಈ ಪಾಠವು ಇಂದಿಗೂ ಅನ್ವಯಿಸುತ್ತದೆ: ಬೋಲ್ಟು ಮತ್ತು ಅದು ಹಿಡಿದಿರುವ ಪಟ್ಟಿ ಸಾಧ್ಯವಾದಷ್ಟೂ ಒಂದೇ ಲೋಹದ್ದಾಗಿರಬೇಕು, ಇಲ್ಲವಾದರೆ ನಡುವೆ ಪ್ಲಾಸ್ಟಿಕ್ ವಾಷರ್ ಮತ್ತು ಕೊಳವೆಯನ್ನಿಟ್ಟು ಬೇರ್ಪಡಿಸಬೇಕು. ಕಂಚಿನ ದೊಡ್ಡ ಪಟ್ಟಿಗೆ ಸಾಧಾರಣ ಉಕ್ಕಿನ ಸಣ್ಣ ಬೋಲ್ಟು ಹಾಕುವುದು ಅತ್ಯಂತ ಅಪಾಯಕರ.

ಯಾವ ಲೋಹ ಉತ್ತಮ? ಸಾಧಾರಣ ಉಕ್ಕಿನ ಹೈಟೆನ್ಸಿಲ್ ಬೋಲ್ಟು ಬಲವುಳ್ಳದ್ದಾದರೂ ತುಕ್ಕಿಗೆ ಬೇಗನೆ ತುತ್ತಾಗುತ್ತದೆ. ಹಿತ್ತಾಳೆಯಲ್ಲಿನ ಸತುವು ಉಪ್ಪುನೀರಿಗೆ ಕರಗಿಹೋಗಿ, ಹೊರನೋಟಕ್ಕೆ ಇಡಿಯಾಗಿ ಕಂಡರೂ ಒಳಗೆ ಟೊಳ್ಳಾದ, ದುರ್ಬಲ ತಾಮ್ರವಷ್ಟೇ ಉಳಿಯುತ್ತದೆ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಸುಮಾರು 18 ಶೇಕಡಾ ಕ್ರೋಮಿಯಂ, 8 ಶೇಕಡಾ ನಿಕ್ಕಲ್ ಇರುತ್ತವೆ. 316 ದರ್ಜೆಯಲ್ಲಿ ಇವುಗಳ ಜೊತೆಗೆ 2ರಿಂದ 3 ಶೇಕಡಾ ಮಾಲಿಬ್ಡಿನಂ ಇದ್ದು, ಅದು ಉಪ್ಪಿನ ಹೊಡೆತವನ್ನು ಹೆಚ್ಚು ತಾಳುತ್ತದೆ. ಅಯಸ್ಕಾಂತದಿಂದ ಇವೆರಡನ್ನೂ ಗುರುತಿಸಲಾಗದು. ಬೋಲ್ಟಿನ ತಲೆಯ ಮೇಲಿನ ಮುದ್ರೆಯನ್ನು ನೋಡಬೇಕು. 'ಎ2' ಎಂದರೆ 304ರ ವರ್ಗ, 'ಎ4' ಎಂದರೆ 316ರ ವರ್ಗ. ಮುಂದಿನ 70 ಅಥವಾ 80 ಎಂಬ ಅಂಕಿಯು ಬಲವನ್ನು ಸೂಚಿಸುತ್ತದೆ. 12 ಮಿಲಿಮೀಟರಿನ 'ಎ4-70' ಬೋಲ್ಟು ಮುರಿಯಲು ಸುಮಾರು 6 ಟನ್ನಿನ ಎಳೆತ ಬೇಕು. ಆದರೆ ಅದೇ ಬೋಲ್ಟು ಸವೆದು 9 ಮಿಲಿಮೀಟರಿಗೆ ಇಳಿದರೆ ಉಳಿಯುವ ಬಲ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು.

ಸ್ಟೇನ್‌ಲೆಸ್ ಸ್ಟೀಲಿಗೂ ಒಂದು ದೌರ್ಬಲ್ಯವಿದೆ. ಅದನ್ನು ಕಾಪಾಡುವ ತೆಳುಪೊರೆಯು ಉಳಿಯಲು ಆಮ್ಲಜನಕ ಅಗತ್ಯ. ಒದ್ದೆ ಮರದ ಒಳಗೆ, ಬಿಗಿಯಾದ ಸಂದಿಯಲ್ಲಿ ಅದು ದೊರೆಯದೆ, ತಲೆ ಥಳಥಳಿಸುತ್ತಿದ್ದರೂ ಕಾಂಡವು ಕೊರೆದುಹೋಗಿರಬಹುದು. ಆದ್ದರಿಂದ ಮರದ ದೋಣಿಯಲ್ಲಿ, ನೀರಿನ ಮಟ್ಟಕ್ಕಿಂತ ಕೆಳಗೆ, ಕಂಚಿನ ಪಟ್ಟಿಗಳಿಗೆ ಸಿಲಿಕಾನ್ ಕಂಚಿನ ಬೋಲ್ಟುಗಳೇ ಯೋಗ್ಯ.

ಜೋಡಣೆಯೂ ಅಷ್ಟೇ ಮುಖ್ಯ. ಬೋಲ್ಟಿನ ಎಳೆಯಿಲ್ಲದ ನಯವಾದ ಭಾಗವೇ ಪಟ್ಟಿ ಮತ್ತು ಮರ ಸೇರುವ ಸ್ಥಳದಲ್ಲಿರಬೇಕು. ರಂಧ್ರಕ್ಕೆ ನೀರು ನುಗ್ಗದಂತೆ ಸೀಲಂಟ್ ತುಂಬಬೇಕು. ಸ್ಟೇನ್‌ಲೆಸ್ ನಟ್ಟುಗಳು ಬಿಗಿಯುವಾಗಲೇ ಕಚ್ಚಿಕೊಳ್ಳುವುದರಿಂದ ಎಳೆಗಳಿಗೆ ತಕ್ಕ ಗ್ರೀಸ್ ಸವರಬೇಕು. ಚುಕ್ಕಾಣಿ ಸದಾ ಅದುರುವುದರಿಂದ ನೈಲಾನ್ ಲಾಕ್‌ನಟ್ಟು ಅಥವಾ ಸ್ಪ್ಲಿಟ್ ಪಿನ್ ಅವಶ್ಯಕ. ಒಮ್ಮೆ ಬಿಚ್ಚಿದ ಇವುಗಳನ್ನು ಮರಳಿ ಬಳಸಬಾರದು.

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ ಮೀನುಗಾರಿಕೆಗೆ 61 ದಿನಗಳ ನಿಷೇಧವಿರುತ್ತದೆ. ಮಲ್ಪೆಯಿರಲಿ, ಮುಂಬಯಿಯ ಸಸೂನ್ ಡಾಕ್ ಇರಲಿ, ಚೆನ್ನೈಯ ಕಾಸಿಮೇಡು ಇರಲಿ, ದೋಣಿಗಳು ವಿಶ್ರಮಿಸುವ ಈ ಅವಧಿಯಲ್ಲಿ ಚುಕ್ಕಾಣಿಯ ಕನಿಷ್ಠ ಒಂದು ಬೋಲ್ಟನ್ನಾದರೂ ಪೂರ್ಣವಾಗಿ ಹೊರತೆಗೆದು ಪರೀಕ್ಷಿಸಬೇಕು. ಅದು ಸವೆದಿದ್ದರೆ ಉಳಿದವೂ ಸವೆದಿರುತ್ತವೆಂದು ತಿಳಿದು ಎಲ್ಲವನ್ನೂ ಬದಲಾಯಿಸುವುದು ಕ್ಷೇಮ. ಒಳ್ಳೆಯ ಬೋಲ್ಟಿಗೆ ತೆರುವ ಹೆಚ್ಚಿನ ಬೆಲೆಯು ದೋಣಿಯ ಬೆಲೆಯ ಮುಂದೆ ಅತ್ಯಲ್ಪ. ಅದರಲ್ಲಿ ಹೋಗುವವರ ಪ್ರಾಣಕ್ಕಂತೂ ಬೆಲೆ ಕಟ್ಟಲಾಗದು.