ಹೆಸರಿಲ್ಲದ ಪಟ್ಟಿಗಳು

(ಹಾಸ್ಟೆಲ್ ಗೆಳೆಯರ ಸಭೆಯಲ್ಲಿ ಆಡಿದ ಮಾತು)



ಅಮೆರಿಕದ ಕಪ್ಪುಜನ ತಮ್ಮ ಮುತ್ತಜ್ಜಿ ಮುತ್ತಾತರನ್ನು ಹಳೇ ಜನಗಣತಿ ಹಾಳೆಗಳಲ್ಲಿ ಹುಡುಕುತ್ತಾರೆ. ಅಲ್ಲಿ 72 ವರ್ಷ ತುಂಬಿದ ಮೇಲೆ ಹೆಸರಿನ ಪಟ್ಟಿ ಎಲ್ಲರಿಗೂ ಸಿಗುತ್ತದೆ. 1950ರಿಂದ ಹಿಂದಕ್ಕೆ ಹತ್ತು ಹತ್ತು ವರ್ಷ ಇಳೀತಾ ಹೋಗಬೇಕು. 1890ರದ್ದು ಬಹುಪಾಲು ಬೆಂಕಿ, ನೀರಿಗೆ ಹಾಳಾಯ್ತು. 1870ರಲ್ಲಿ ಹೆಸರು, ವಯಸ್ಸು, ಕಸುಬು ಎಲ್ಲಾ ಉಂಟು. ಅದರಾಚೆ, 1860 ಮತ್ತು 1850ರಲ್ಲಿ, ಗುಲಾಮರಿಗೆ ಬೇರೇ ಪಟ್ಟಿ. ಒಡೆಯನ ಹೆಸರು ಪೂರ್ತಿ ಬರೆದು ಅದರಡಿ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ, ಅಷ್ಟೇ. ದನದ ಲೆಕ್ಕ ಬರೆದ ಹಾಗೆ.

ಮನೆತನದ ಹೆಸರು ಅಪರೂಪದ್ದಾದರೆ ಒಂದು ದಾರಿಯುಂಟು. ಅದೇ ಸೀಮೆಯಲ್ಲಿ ಅದೇ ಹೆಸರಿನ ಬಿಳಿ ಒಡೆಯ 1860ರಲ್ಲಿ ಇದ್ದನೋ ನೋಡುವುದು. 1870ರಲ್ಲಿ ಮೂವತ್ತಾಗಿದ್ದವಳಿಗೆ ಸರಿಯಾಗಿ ಅವನ ಪಟ್ಟಿಯಲ್ಲಿ ಇಪ್ಪತ್ತರ ಹೆಣ್ಣೊಬ್ಬಳು ಇದ್ದಾಳೋ ನೋಡುವುದು. ಸಿಕ್ಕರೂ ಅದು ಊಹೆ, ಸಾಕ್ಷಿಯಲ್ಲ. ಎಷ್ಟೋ ಜನ ಒಡೆಯನ ಹೆಸರನ್ನು ಮುಟ್ಟಲೇ ಇಲ್ಲ. ಫ್ರೆಡರಿಕ್ ಬೈಲಿ 1838ರಲ್ಲಿ ತಪ್ಪಿಸಿಕೊಂಡು ಬಂದು ಡಗ್ಲಾಸ್ ಆದ. ಹುಡುಕುವವರಿಗೆ ಇದು ಕಷ್ಟವೇ, ಆದರೆ ಅವನು ಮಾಡಿದ್ದು ಸರಿ ಅಂತೀವಿ ನಾವು.

ನಮ್ಮ ಕಡೆ ಅಷ್ಟೂ ಗತಿಯಿಲ್ಲ. 1931ರ ಮೈಸೂರು ಗಣತಿ ವರದಿಯಲ್ಲಿ ನಮ್ಮವರು ಜಾತಿವಾರು ತಲೆಯೆಣಿಕೆ ಮಾತ್ರ. 1948ರ ಕಾಯ್ದೆಯಂತೆ ಮನೆಮನೆಯ ಗಣತಿ ಹಾಳೆಯನ್ನು ಯಾರೂ ನೋಡುವಂತಿಲ್ಲ. ಮನೆತನದ ಹೆಸರಂತೂ ನಮ್ಮಲ್ಲಿ ಬಹಳ ಜನಕ್ಕೆ ಇಲ್ಲವೇ ಇಲ್ಲ, ಅಪ್ಪನ ಒಂದಕ್ಷರ ಇದ್ದರೆ ಇತ್ತು.

ಅದಕ್ಕೇ ಈ ರಜಕ್ಕೆ ಊರಿಗೆ ಹೋದಾಗ ಅಜ್ಜಿಯ ಹತ್ತಿರ ಕೂತು ಕೇಳಿ. ಅವರ ಅತ್ತೆ ಯಾವ ಊರಿಂದ ಬಂದ್ರು? ಯಾರ ಮನೇಲಿ ಜೀತಕ್ಕಿದ್ರು? ಗೌಡರು ಕೂಗ್ತಿದ್ದ ಹೆಸರು ಯಾವುದು, ಮನೇಲಿ ಕರೀತಿದ್ದ ಹೆಸರು ಯಾವುದು? ಎರಡನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬನ್ನಿ.