ಹಾಲು ಡೇರಿಗೆ, ಕರಿ ಟೀ ಮನೆಗೆ
(ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಲೆಕ್ಕಪತ್ರದ ವಿಚಾರ ಕಾರ್ಯದರ್ಶಿಗಳು ಹೇಳಿಯಾಯಿತು. ನಮಗೆ ಊಟತಿಂಡಿ ಬಗ್ಗೆ ನಾಲ್ಕು ಮಾತಾಡಿ ಎಂದಿದ್ದಾರೆ. ನಾವೇನು ಡಾಕ್ಟರಲ್ಲ, ಎಸ್ಸೆಸ್ಸೆಲ್ಸಿ ಓದಿ ನೇಗಿಲು ಹಿಡಿದವರು. ಆದರೆ ಈ ವಿಚಾರದಲ್ಲಿ ತಪ್ಪು ಮಾಡಿ ಕಲಿತವರು.

ನಮ್ಮ ಮನೆಯಿಂದ ಎರಡು ಹೊತ್ತೂ ಸೇರಿ 12 ಲೀಟರ್ ಹಾಲು ಡೇರಿಗೆ ಬರುತ್ತಿತ್ತು. ಒಂದು ಲೋಟವನ್ನೂ ಮನೇಲಿ ಉಳಿಸುತ್ತಿರಲಿಲ್ಲ. ಬಟವಾಡೆ ಜಾಸ್ತಿ ಬರಲಿ ಅನ್ನೋ ಆಸೆ. ಮಕ್ಕಳು ಕರಿ ಟೀಗೆ ಬನ್ನು ಅದ್ದಿ ತಿಂದು ಇಸ್ಕೂಲಿಗೆ ಹೋಗೋವು. 2013ರಲ್ಲಿ ಸರ್ಕಾರ ಕ್ಷೀರಭಾಗ್ಯ ತಂದಿತಲ್ಲ, ಆಗ ನಮ್ಮ ಮಗಳು ಓಡಿ ಬಂದು, "ಅಪ್ಪಾ, ಇಸ್ಕೂಲಲ್ಲಿ ಹಾಲು ಕೊಟ್ರು, ಚೆನ್ನಾಗಿತ್ತು" ಅಂದಳು. ಎರಡು ಹಸು ಕಟ್ಟಿದವರ ಮಗಳು! ನಮ್ಮಂಥವರು ಡೇರಿಗೆ ಹಾಕಿದ ಹಾಲು ಪುಡಿಯಾಗಿ, ಮತ್ತೆ ಹಾಲಾಗಿ ಅವಳ ಲೋಟಕ್ಕೆ ಬರಬೇಕಾಯಿತು. ಅವತ್ತಿನಿಂದ ಒಂದು ಲೀಟರ್ ಮನೆಗೆ ಎತ್ತಿಡುತ್ತೇವೆ. ಬಟವಾಡೆ ಕಡಿಮೆಯಾಯಿತು, ಸುಳ್ಳಲ್ಲ. ಅದಕ್ಕೆ ಮನೇಲಿ ಜಗಳವೂ ಆಗಿದೆ.

ಇನ್ನು ಮುದ್ದೆ. ಮುದ್ದೆ ತಿನ್ನೋರಿಗೆ ಶುಗರ್ ಬರಲ್ಲ ಅಂತ ಹೊತ್ತಿಗೆ ಎರಡು ದಪ್ಪ ಮುದ್ದೆ ಮುರಿಯುತ್ತಿದ್ದೆವು. 2019ರಲ್ಲಿ ನಮಗೇ ಶುಗರ್ ಬಂತು. ರಾಗಿ ಒಳ್ಳೇದೇ. 100 ಗ್ರಾಂ ರಾಗಿಯಲ್ಲಿ ಸುಣ್ಣದ ಅಂಶ 300 ಮಿಲಿಗ್ರಾಂಗೂ ಮೇಲಿದೆ, ಪಾಲಿಷ್ ಅಕ್ಕಿಯಲ್ಲಿ 10ರ ಆಸುಪಾಸು. ನಾರೂ ಹೆಚ್ಚು. ಆದರೆ ಅದೇ 100 ಗ್ರಾಂನಲ್ಲಿ 65 ಗ್ರಾಂಗಿಂತ ಜಾಸ್ತಿ ಶರ್ಕರಪಿಷ್ಟವಿದೆ, ಹೊಟ್ಟೆಗೆ ಹೋದ ಮೇಲೆ ಅದೂ ಸಕ್ಕರೆಯೇ. ನಮ್ಮಜ್ಜ ಎರಡು ಮುದ್ದೆ ಉಂಡು ಕಪಿಲೆ ಹೊಡೆದರು. ನಾವು ಎರಡು ಮುದ್ದೆ ಉಂಡು ಪಂಪಿನ ಸ್ವಿಚ್ಚು ಒತ್ತುತ್ತೇವೆ. ಈಗ ನಮ್ಮ ಮುದ್ದೆ ಸಣ್ಣದಾಗಿದೆ, ಜೊತೆಗೆ ಸೊಪ್ಪು, ಕಾಳು ಜಾಸ್ತಿ.

ಸೊಪ್ಪು ಎಂದಾಗ ಹೊಟ್ಟೆ ಉರಿಯುತ್ತದೆ. ಅಣ್ಣೆಸೊಪ್ಪು, ಹೊನಗೊನೆ ಸೊಪ್ಪನ್ನು ಅವ್ವ ಬದುವಿನಲ್ಲಿ ಕಿತ್ತು ಮಡಿಲು ತುಂಬಿಕೊಂಡು ಬರೋರು. ಬದುವಿಗೆ ಕಳೆ ಔಷಧಿ ಹೊಡೆದು ಅದನ್ನು ಸುಟ್ಟವರು ನಾವೇ. ಈಗ ಸಂತೆಯಲ್ಲಿ ದುಡ್ಡು ಕೊಟ್ಟು ತರುತ್ತಿದ್ದೇವೆ. ನಮ್ಮ ಒಂದು ಬದುವಿಗೆ ಎರಡು ವರ್ಷದಿಂದ ಹೊಡೆದಿಲ್ಲ, ಕುಡುಗೋಲಲ್ಲೇ ಕೊಯ್ಯುತ್ತೇವೆ. ಸೊಪ್ಪು ಮತ್ತೆ ಕಾಣಿಸಿಕೊಂಡಿದೆ.

ಕೊನೆಗೆ ಒಂದು ತಕರಾರು. ಹೋದ ಮಹಾಸಭೆಯಲ್ಲಿ ಎಲ್ಲರಿಗೂ ಕೂಲ್‌ಡ್ರಿಂಕ್ಸ್ ಬಾಟಲಿ ಹಂಚಿದೆವು. ಹಾಲಿನ ಸಂಘದವರು! 300 ಮಿಲಿಯ ಕೋಲಾ ಬಾಟಲಿಯಲ್ಲಿ ಸುಮಾರು 30 ಗ್ರಾಂ, ಅಂದರೆ ಆರೇಳು ಟೀ ಚಮಚ ಸಕ್ಕರೆ. ಬೆರೆಸಿದ ಸಕ್ಕರೆ ಇಡೀ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೇದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಈ ಸಲ ಮಜ್ಜಿಗೆ ಕೊಡೋಣ ಎಂದಾಗ ನಿರ್ದೇಶಕರೊಬ್ಬರು, "ಬೆಳ್ಳಿಹಬ್ಬಕ್ಕೆ ಬಂದೋರಿಗೆ ನೀರುಮಜ್ಜಿಗೆನಾ? ಮರ್ಯಾದೆ ಹೋಗಲ್ವಾ?" ಎಂದರು. ಕೈ ಎತ್ತಿಸಿದಾಗ ಒಂದೇ ಮತದಲ್ಲಿ ಮಜ್ಜಿಗೆ ಗೆದ್ದಿತು. ಆ ನಿರ್ದೇಶಕರೂ ಇಲ್ಲೇ ಇದ್ದಾರೆ, ಬೇಜಾರಿಲ್ಲ.

ಮಜ್ಜಿಗೆ ಕ್ಯಾನು ಚಪ್ಪರದ ಬಲಗಡೆ ಇಟ್ಟಿದೆ. ಬೀಪಿ ಇರುವವರಿಗೆ ಉಪ್ಪು ಹಾಕದ್ದು ಬೇರೆ ಇದೆ, ಕೇಳಿ ತೆಗೆದುಕೊಳ್ಳಿ.