ಪುಟ್ಟ ಎಂಜಿನ್ನಿನ ನಿಜವಾದ ಉಸಿರು

ರೈಲಾಟವೆಂದರೆ ಮಕ್ಕಳದೆಂದು ನಮ್ಮಲ್ಲಿ ಸಾಮಾನ್ಯವಾದ ತಿಳಿವಳಿಕೆ. ಆದರೆ ಇಂಗ್ಲೆಂಡು, ಜರ್ಮನಿ, ಅಮೆರಿಕಗಳಲ್ಲಿ ಈ ಆಟಕ್ಕೆ ಕೂತವರನ್ನು ನೋಡಿದರೆ ತಲೆ ನರೆತವರೇ ಬಹಳ. ನಿಜವಾದ ಎಂಜಿನ್ನನ್ನು ೭೬ರಲ್ಲಿ ಒಂದು ಪಾಲಿಗೋ ೮೭ರಲ್ಲಿ ಒಂದು ಪಾಲಿಗೋ ಇಳಿಸಿ, ಹದಿನಾರೂವರೆ ಮಿಲಿಮೀಟರು ಅಗಲದ ಹಳಿಯ ಮೇಲೆ ಓಡಿಸುತ್ತಾರೆ. ಬಣ್ಣ, ಮೊಳೆ, ಗಾಲಿಯ ಅರಗಳ ಲೆಕ್ಕ ಎಲ್ಲವೂ ಸರಿ. ಆದರೂ ಅದು ಹೊರಟೊಡನೆ ಕೇಳುವುದು ಉಗಿಯ ಸದ್ದಲ್ಲ, ಒಳಗಿನ ವಿದ್ಯುತ್ ಮೋಟಾರಿನ ಗುಂಯ್‌ಗುಟ್ಟುವಿಕೆ! ಈ ಕೊರತೆಯನ್ನು ತುಂಬಲು ಬಂದದ್ದು ಸೌಂಡ್ ಡಿಕೋಡರು ಎಂಬ ಬೆರಳಗಲದ ಹಲಗೆ.

ಅದು ಕೆಲಸ ಮಾಡುವ ಬಗೆ ಹೀಗೆ. ಹಳಿಯಲ್ಲಿ ವಿದ್ಯುತ್ತಿನ ಜೊತೆಗೇ ಆಜ್ಞೆಯೂ ಹರಿಯುತ್ತದೆ. ಒಂದೊಂದು ಎಂಜಿನ್ನಿಗೆ ಒಂದೊಂದು ಸಂಖ್ಯೆ. ತನ್ನ ಸಂಖ್ಯೆಗೆ ಬಂದ ಆಜ್ಞೆಯನ್ನು ಮಾತ್ರ ಡಿಕೋಡರು ಕೇಳಿ, ಮೋಟಾರನ್ನು ಓಡಿಸುತ್ತದೆ. ತನ್ನ ನೆನಪಿನಲ್ಲಿ ತುಂಬಿಟ್ಟ ಸದ್ದನ್ನು ಪುಟ್ಟ ಸ್ಪೀಕರಿನಿಂದ ಹೊರಡಿಸುತ್ತದೆ. ಡಿ.ಸಿ.ಸಿ. ಎಂದು ಕರೆಯುವ ಈ ಪದ್ಧತಿ ಜರ್ಮನಿಯ ಲೆಂಟ್ಸ್ ಸಂಸ್ಥೆಯ ಕೆಲಸದಿಂದ ಹುಟ್ಟಿತು. ೧೯೯೦ರ ದಶಕದಲ್ಲಿ ಅಮೆರಿಕದ ಮಾದರಿ ರೈಲು ಸಂಘವು ಅದನ್ನು ಎಲ್ಲ ತಯಾರಕರಿಗೂ ಸಮಾನವಾದ ನಿಯಮವನ್ನಾಗಿ ಮಾಡಿತು. ಆದ್ದರಿಂದ ಒಬ್ಬರ ಎಂಜಿನ್ನಿಗೆ ಇನ್ನೊಬ್ಬರ ಡಿಕೋಡರು ಹೊಂದುತ್ತದೆ. ಹೊಂದುವುದೇನೋ ಸರಿ, ಆರಿಸುವುದು ಹೇಗೆ?

ಮೊದಲು ಎಣಿಸಬೇಕು. ಉಗಿ ಎಂಜಿನ್ನಿನ ಪಿಸ್ಟನ್ನನ್ನು ಉಗಿಯು ಎರಡು ಕಡೆಯಿಂದಲೂ ತಳ್ಳುತ್ತದೆ. ಎರಡು ಸಿಲಿಂಡರಿದ್ದರೆ ದೊಡ್ಡ ಗಾಲಿ ಒಂದು ಸುತ್ತು ಬರುವಷ್ಟರಲ್ಲಿ ಹೊಗೆ ಕೊಳವೆಯಿಂದ ನಾಲ್ಕು ಉಸಿರು. ೧೯೩೮ರಲ್ಲಿ ಗಂಟೆಗೆ ೧೨೬ ಮೈಲಿ ಓಡಿ ದಾಖಲೆ ಮಾಡಿದ ಮ್ಯಾಲರ್ಡ್ ಎಂಜಿನ್ನಿಗೆ ಮೂರು ಸಿಲಿಂಡರು, ಸುತ್ತಿಗೆ ಆರು ಉಸಿರು. ಲಾರ್ಡ್ ನೆಲ್ಸನ್ ವರ್ಗಕ್ಕೆ ನಾಲ್ಕು ಸಿಲಿಂಡರು, ಎಂಟು ಉಸಿರು. ಗ್ರೇಟ್ ವೆಸ್ಟರ್ನ್ ರೈಲ್ವೆಯ ಕಿಂಗ್ ವರ್ಗಕ್ಕೂ ನಾಲ್ಕೇ ಸಿಲಿಂಡರು. ಆದರೆ ಅವು ಜೋಡಿಜೋಡಿಯಾಗಿ ಒಟ್ಟಿಗೇ ಉಸಿರು ಬಿಡುವುದರಿಂದ ಕೇಳುವುದು ನಾಲ್ಕೇ. ಕೊಳ್ಳುವ ಮೊದಲು ಎಂಜಿನ್ನನ್ನು ಆಮೆಯ ನಡೆಯಲ್ಲಿ ಓಡಿಸಿ, ಗಾಲಿಯನ್ನು ನೋಡುತ್ತ ಉಸಿರನ್ನು ಎಣಿಸಿ. ಲೆಕ್ಕ ತಪ್ಪಿದರೆ ಅದು ಬೇರೆ ಯಾರದೋ ಗಂಟಲು. ಮ್ಯಾಲರ್ಡಿನ ಗಾಲಿ ಆರು ಅಡಿ ಎಂಟು ಅಂಗುಲ. ಗಂಟೆಗೆ ಸುಮಾರು ೨೩ ಕಿಲೋಮೀಟರು ವೇಗದಲ್ಲೇ ಸೆಕೆಂಡಿಗೆ ಆರು ಉಸಿರಾಗುತ್ತದೆ. ವೇಗ ಇನ್ನೂ ಹೆಚ್ಚಿದರೆ ಎಲ್ಲ ಬೆರೆತು ಒಂದೇ ಮೊರೆತವಾಗುತ್ತದೆ. ಆದ್ದರಿಂದ ಪರೀಕ್ಷೆ ನಿಧಾನದಲ್ಲೇ ಆಗಬೇಕು.

ಎರಡನೆಯದು, ದಣಿವು. ಏರು ಹತ್ತುವ ಎಂಜಿನ್ನಿನ ಉಸಿರು ಗಟ್ಟಿ, ಸಮನೆಲದಲ್ಲಿ ಮೆದು. ಇಳಿಜಾರಿನಲ್ಲಿ ಡ್ರೈವರು ಉಗಿ ನಿಲ್ಲಿಸಿದಾಗ ಉಸಿರಡಗಿ, ಕಡ್ಡಿಗಳ ಖಣಖಣ ಮಾತ್ರ ಉಳಿಯುತ್ತದೆ. ಒಳ್ಳೆಯ ಡಿಕೋಡರು ಮೋಟಾರಿನ ಮೇಲೆ ಬಿದ್ದ ಹೊರೆಯನ್ನು ಅಳೆದು ಸದ್ದನ್ನು ಬದಲಿಸುತ್ತದೆ. ಇಲ್ಲವೇ ಓಡಿಸುವವನ ಕೈಗೆ ಅದಕ್ಕೊಂದು ಗುಂಡಿ ಕೊಡುತ್ತದೆ. ಎಲ್ಲ ವೇಳೆಯಲ್ಲೂ ಒಂದೇ ರಾಗ ಹಾಡುವುದು ಹತ್ತು ನಿಮಿಷದಲ್ಲಿ ಬೇಸರ ತರುತ್ತದೆ.

ಮೂರನೆಯದು, ಯಾರ ದನಿ? ಅಮೆರಿಕದ ಸುನಾಮಿಯಂಥ ಡಿಕೋಡರಿನಲ್ಲಿ ಹಲವು ಸಿಳ್ಳೆ, ಹಲವು ಉಸಿರುಗಳನ್ನು ಮೊದಲೇ ತುಂಬಿರುತ್ತಾರೆ. ಬೇಕಾದ್ದನ್ನು ಆರಿಸಿಕೊಂಡು ಅಂದೇ ಓಡಿಸಬಹುದು. ಜರ್ಮನಿಯ ಲೋಕ್‌ಸೌಂಡ್, ಆಸ್ಟ್ರಿಯದ ಜಿಮೊ ಡಿಕೋಡರುಗಳಲ್ಲಾದರೆ ಒಂದು ನಿರ್ದಿಷ್ಟ ಎಂಜಿನ್ನಿನ ಬಳಿ ಹಿಡಿದ ಧ್ವನಿಮುದ್ರಣವನ್ನೇ ಆಮೇಲೆ ತುಂಬಿಕೊಳ್ಳಬಹುದು. ಒಂದು ಮೆಚ್ಚಿನ ಎಂಜಿನ್ನು ಮನಸ್ಸಿನಲ್ಲಿದ್ದವರಿಗೆ ಎರಡನೆಯ ದಾರಿ, ತೊಡಕು ಬೇಡವೆನ್ನುವವರಿಗೆ ಮೊದಲನೆಯ ದಾರಿ.

ಇಷ್ಟೆಲ್ಲ ನೋಡಿ ತಂದ ಡಿಕೋಡರನ್ನು ಸ್ಪೀಕರು ಕೆಡಿಸಬಹುದು. ಸ್ಪೀಕರಿನ ಹಿಂಭಾಗಕ್ಕೆ ಗಾಳಿ ನುಸುಳದ ಪೆಟ್ಟಿಗೆ ಇರಲೇಬೇಕು. ಇಲ್ಲದಿದ್ದರೆ ಮುಂದಿನ ಅಲೆಯನ್ನು ಹಿಂದಿನ ಅಲೆ ನುಂಗಿ, ಉಸಿರು ಕೀರಲಾಗುತ್ತದೆ. ಕಲ್ಲಿದ್ದಲು, ನೀರು ತುಂಬುವ ಟೆಂಡರಿನಲ್ಲಿ ಜಾಗವಿದ್ದರೆ ಅಲ್ಲಿ ಹಿಡಿಸುವಷ್ಟು ದೊಡ್ಡ ಸ್ಪೀಕರನ್ನೇ ಇಡುವುದು ಲೇಸು. ಡಿಕೋಡರಿಗೆ ಹೇಳಿದ ಓಮಿಗಿಂತ ಕಡಿಮೆಯದನ್ನು ಜೋಡಿಸಿದರೆ ಅದು ಸುಟ್ಟುಹೋದೀತು. ಮೋಟಾರು ಸಿಕ್ಕಿಕೊಂಡಾಗ ಎಳೆಯುವ ವಿದ್ಯುತ್ತನ್ನು ಡಿಕೋಡರು ತಾಳಬಲ್ಲುದೇ, ಎಂಜಿನ್ನಿನ ಗೂಡಿಗೆ ಎಂಟು ಕಡ್ಡಿಯ ಪ್ಲಗ್ಗು ಬೇಕೋ ಇಪ್ಪತ್ತೊಂದರದೋ ಎಂಬುದನ್ನೂ ಕೇಳಿಕೊಳ್ಳಿ. ಹಳಿಯ ಧೂಳಿನಿಂದ ದನಿ ತುಂಡಾಗದಂತೆ ಕ್ಷಣಕಾಲ ವಿದ್ಯುತ್ತನ್ನು ಕೂಡಿಡುವ ಕೆಪಾಸಿಟರು ಇದ್ದರೆ ಇನ್ನೂ ಒಳ್ಳೆಯದು. ಕೊನೆಗೆ ದನಿಯನ್ನು ತಗ್ಗಿಸಿ. ಅಂಗೈಯಷ್ಟು ಎಂಜಿನ್ನು ಮನೆಯನ್ನೆಲ್ಲ ನಡುಗಿಸಿದರೆ ಅದು ನಿಜವೂ ಅಲ್ಲ, ಮನೆಯವರಿಗೆ ಹಿತವೂ ಅಲ್ಲ.

ಇಷ್ಟು ಸೂಕ್ಷ್ಮವೇಕೆಂದು ನೀವು ಕೇಳಬಹುದು. ಬ್ರಿಟಿಷ್ ರೈಲ್ವೆಯಲ್ಲಿ ಉಗಿಯ ದಿನನಿತ್ಯದ ಓಡಾಟ ೧೯೬೮ರ ಆಗಸ್ಟಿನಲ್ಲಿ ಮುಗಿಯಿತು. ಅಲ್ಲಿನವರು ಹಲವು ಎಂಜಿನ್ನುಗಳನ್ನು ಉಳಿಸಿ ಇಂದಿಗೂ ಬೆಂಕಿ ಹಾಕುತ್ತಾರೆ; ಆದ್ದರಿಂದಲೇ ಅವುಗಳ ಬಳಿ ಮೈಕು ಹಿಡಿಯಲು ಸಾಧ್ಯವಾಯಿತು. ನಮ್ಮಲ್ಲಿ ಬ್ರಾಡ್‌ಗೇಜಿನಲ್ಲಿ ಉಗಿ ನಿಂತದ್ದು ೧೯೯೫ರಲ್ಲಿ. ಮೀಟರ್‌ಗೇಜಿನ ವೈ.ಪಿ. ಎಂಜಿನ್ನಿಗೆ ಎರಡು ಸಿಲಿಂಡರು. ಬೇರೆ ದೇಶದ ಎರಡು ಸಿಲಿಂಡರಿನ ದನಿ ತುಂಬಿದರೂ ಲೆಕ್ಕ ಸರಿಯೇ ಬರುತ್ತದೆ. ಆದರೆ ಆ ಸಿಳ್ಳೆ? ರಾತ್ರಿಯ ನಿದ್ದೆಯಲ್ಲಿ ದೂರದಿಂದ ಕೇಳಿ, ಇದು ಯಾವ ಗಾಡಿಯೆಂದು ಹೇಳುತ್ತಿದ್ದ ಹಿರಿಯರು ಅದನ್ನು ಒಪ್ಪಿಯಾರೇ? ೧೯೭೯ರಲ್ಲಿ ತೆರೆದ ಮೈಸೂರಿನ ರೈಲು ವಸ್ತುಸಂಗ್ರಹಾಲಯದಲ್ಲಿ ಹಳೆಯ ಎಂಜಿನ್ನುಗಳನ್ನು ಕೈಯಿಂದ ಮುಟ್ಟಿ ನೋಡಬಹುದು. ಆದರೆ ತಣ್ಣಗೆ ನಿಂತ ಕಬ್ಬಿಣ ಮಾತಾಡದು.

ರೂಪವನ್ನು ನಕ್ಷೆಯಿಂದ ಮತ್ತೆ ಕಟ್ಟಬಹುದು, ದನಿಯನ್ನು ಹಾಗೆ ಕಟ್ಟಲಾಗದು. ಯಾರ ಮನೆಯಲ್ಲಾದರೂ ಹಳೆಯ ಟೇಪಿನಲ್ಲಿ ಉಗಿಬಂಡಿಯ ಸದ್ದು ಉಳಿದಿದ್ದರೆ, ಎಂಜಿನ್ನಿನ ಸಂಖ್ಯೆ, ಊರು, ವರ್ಷವನ್ನು ಬರೆದು ಜೋಪಾನವಾಗಿಡಿ. ನಾಳೆ ಯಾವುದಾದರೂ ಪುಟ್ಟ ಎಂಜಿನ್ನು ನಮ್ಮದೇ ದನಿಯಲ್ಲಿ ಕೂಗಬೇಕಾದರೆ ಆ ಟೇಪೇ ಅದಕ್ಕೆ ಬಂಡವಾಳ.